ಉಳುಕಿದ ಕಾಲಿನ ಚರಿತ್ರೆ

ಮೂಳೆ ಮುರಿದವರನ್ನು ನೋಡಲು ಬೀದಿಯವರೆಲ್ಲ ಬರುತ್ತಾರೆ. ಕಿತ್ತಳೆ ಹಣ್ಣು, ಬ್ರೆಡ್ಡು ತಂದುಕೊಟ್ಟು, ಅರ್ಧ ಗಂಟೆ ಕುಳಿತು, ತಮಗೆ ಗೊತ್ತಿರುವ ಮುರಿತದ ಕತೆಗಳನ್ನೆಲ್ಲ ಹೇಳಿ ಹೋಗುತ್ತಾರೆ. ಕಾಲು ಉಳುಕಿದವರಿಗೆ ಆ ಭಾಗ್ಯವಿಲ್ಲ. "ಏನೂ ಆಗಿಲ್ಲ, ಬರೀ ಉಳುಕು" ಎಂದು ಮನೆಯವರೇ ಮಾತು ಮುಗಿಸಿಬಿಡುತ್ತಾರೆ. ಹಾಗೆಂದು ನಮ್ಮಲ್ಲಿ ಉಳುಕಿಗೆ ಮದ್ದಿಲ್ಲವೆಂದಲ್ಲ. ಅರಿಸಿನಕ್ಕೆ ಸುಣ್ಣ ಕಲಸಿ ಬಳಿಯುವವರಿದ್ದಾರೆ; ಹುಣಸೆಹಣ್ಣಿಗೆ ಉಪ್ಪು ಹಾಕಿ ಕುದಿಸಿ ಪಟ್ಟು ಹಾಕುವವರಿದ್ದಾರೆ; ಬಿಸಿ ಎಣ್ಣೆ ಹಚ್ಚಿ ನೀವುವ ಅಜ್ಜಿಯರಿದ್ದಾರೆ. ಕಾಲು ಮುಂದಾಗಿ ಹುಟ್ಟಿದವರ ಪಾದ ಸೋಕಿದರೆ ಉಳುಕು ಬಿಡುತ್ತದೆಂಬ ನಂಬಿಕೆಯೂ ಇದೆ. ಇವೆಲ್ಲ ಉಳುಕಿದ ಮೇಲಿನ ಮಾತು. ಉಳುಕದಂತೆ ಏನು ಮಾಡಬೇಕು ಎಂದು ಕೇಳಿದರೆ ಮಾತ್ರ ಹಿರಿಯರ ಬಳಿ ಇರುವುದು ಒಂದೇ ಉತ್ತರ: "ಕೆಳಗೆ ನೋಡ್ಕೊಂಡು ನಡಿ."

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಬಿ.ಎ.ಗೆ ಓದಿದ್ದು ಚರಿತ್ರೆ. ಆಟದ ಮೈದಾನಕ್ಕೂ ನನಗೂ ನಂಟು ಬೆಳೆದದ್ದು ಬೇರೆ ಕಾರಣಕ್ಕೆ. ಹೆಣ್ಣುಮಕ್ಕಳ ತಂಡ ತಾಲ್ಲೂಕು ಕ್ರೀಡಾಕೂಟಕ್ಕೆ ಹೊರಟರೆ ಜೊತೆಯಲ್ಲಿ ಒಬ್ಬ ಮೇಡಂ ಹೋಗಬೇಕು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಉತ್ತರಪತ್ರಿಕೆಗಳ ಮೇಲೆ ತಲೆ ಬಗ್ಗಿಸಿದ ಹೊತ್ತಿನಲ್ಲಿ ಹೊರಡುತ್ತಿದ್ದವಳು ನಾನು. ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಸುಣ್ಣದ ಗೆರೆಯ ಆಚೆ, ನೀರಿನ ಕ್ಯಾನು ಮತ್ತು ಗ್ಲೂಕೋಸ್ ಪೊಟ್ಟಣ ಇಟ್ಟುಕೊಂಡು ಕುಳಿತಿದ್ದೇನೆ. ಅಲ್ಲಿ ಕಂಡದ್ದೇನೆಂದರೆ, ಮಕ್ಕಳು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಏಟು ಮಾಡಿಕೊಳ್ಳುವುದಕ್ಕಿಂತ, ತಮ್ಮಷ್ಟಕ್ಕೆ ತಾವು ಹಾರಿ ಇಳಿಯುವಾಗ, ಓಡುತ್ತ ಗಕ್ಕನೆ ತಿರುಗುವಾಗ ಪಾದ ಹೊರಳಿ ಕುಸಿಯುವುದೇ ಹೆಚ್ಚು.

ಅವರಲ್ಲಿ ಒಬ್ಬಳನ್ನು ನಾನು ಮರೆತಿಲ್ಲ. ಎಂಟನೆಯ ತರಗತಿಯ ಹುಡುಗಿ, ಖೋಖೋ ಆಟದಲ್ಲಿ ಮಿಂಚು. ಕಂಬ ಸುತ್ತಿ ತಿರುಗಿದರೆ ಹಿಂದೆ ಬರುತ್ತಿದ್ದವಳಿಗೆ ಗಾಳಿಯೇ ಸಿಗುತ್ತಿತ್ತು. ಆಗಸ್ಟಿನ ಕೂಟದಲ್ಲಿ ಅವಳ ಬಲಗಾಲು ಉಳುಕಿತು. ಮೂರು ವಾರಕ್ಕೆ ಊತ ಇಳಿಯಿತು, ನೋವೂ ಹೋಯಿತು, ಮತ್ತೆ ಮೈದಾನಕ್ಕೆ ಬಂದಳು. ಒಂದು ತಿಂಗಳೊಳಗೆ ಅದೇ ಕಾಲು ಮತ್ತೆ ಹೊರಳಿತು. ಆಮೇಲೆ ಮೂರನೆಯ ಸಲ. ಅಷ್ಟರಲ್ಲಿ ಮನೆಯವರು ಸಾಕೆಂದರು. "ನಾಳೆ ಮದುವೆ ಮಾಡಬೇಕಾದ ಹುಡುಗಿ ಮಿಸ್, ಕಾಲು ಸೊಟ್ಟ ಆದ್ರೆ ಯಾರು ಜವಾಬ್ದಾರಿ?" ಎಂದು ಅವಳ ತಂದೆ ಕೇಳಿದ್ದು ಒರಟಾಗಿ ಅಲ್ಲ, ಹೆದರಿಕೆಯಿಂದ. ಹುಡುಗಿ ಕೇಳಿದ ಪ್ರಶ್ನೆ ಬೇರೆಯೇ ಆಗಿತ್ತು: "ಮಿಸ್, ನೆಲ ಸರಿಯಾಗೇ ಇತ್ತು. ಯಾರೂ ಮುಟ್ಟಲಿಲ್ಲ. ನೋವೂ ಇರ್ಲಿಲ್ಲ. ಮತ್ತೆ ಯಾಕೆ ಹೊರಳ್ತು?"

ಗಂಡುಹುಡುಗನ ಕಾಲು ಉಳುಕಿದರೆ ಅವನು ಒಂದು ತಿಂಗಳು ಆಟ ಬಿಡುತ್ತಾನೆ. ಹೆಣ್ಣುಹುಡುಗಿಯ ಕಾಲು ಉಳುಕಿದರೆ ಎಷ್ಟೋ ವೇಳೆ ಅವಳ ಆಟವೇ ಮುಗಿಯುತ್ತದೆ. ಬೇಡವೆನ್ನಲು ಕಾಯುತ್ತಿರುವ ಮನೆಗೆ ಅದೊಂದು ನೆಪ ಸಾಕು. ಆದ್ದರಿಂದಲೇ ಆ ಹುಡುಗಿಯ ಪ್ರಶ್ನೆಯ ಬೆನ್ನು ಹತ್ತಿ ನಾನು ಓದಲು ಕುಳಿತೆ. ಪಾಣಿಪತ್ ಕದನಕ್ಕೆ ಒಂದು ಚರಿತ್ರೆ ಇರುವಂತೆ ಉಳುಕಿಗೂ ಒಂದಿದೆ ಎಂದು ಗೊತ್ತಾದದ್ದು ಹಾಗೆ.

ಚರಿತ್ರೆಗೆ ಮುನ್ನ ಪಾದದ ಕೀಲಿನ ಬಗ್ಗೆ ನಾಲ್ಕು ಮಾತು. ಮೊಣಕಾಲಿನಿಂದ ಕೆಳಗೆ ಬರುವ ಎರಡು ಎಲುಬುಗಳು ಪಾದದ ಒಂದು ಎಲುಬನ್ನು ಎರಡೂ ಕಡೆಯಿಂದ ಇಕ್ಕಳದಂತೆ ಹಿಡಿದಿವೆ. ಒಳಗೂ ಹೊರಗೂ ಕಾಣುವ ಗಿಣ್ಣುಗಳು ಈ ಇಕ್ಕಳದ ತುದಿಗಳೇ. ಎಲುಬಿಗೆ ಎಲುಬನ್ನು ಕಟ್ಟಿಹಾಕಿರುವ ಗಟ್ಟಿ ನಾರುಗಳಿಗೆ ಲಿಗಮೆಂಟ್ ಎನ್ನುತ್ತಾರೆ. ಒಳಗಡೆಯ ನಾರು ಅಗಲವಾಗಿ, ಬಲವಾಗಿದೆ. ಹೊರಗಡೆಯವು ಮೂರು ತೆಳು ಎಳೆಗಳು. ಬೆರಳು ಕೆಳಗೆ ಮಾಡಿ ಇಳಿಯುವಾಗ ಅಂಗಾಲು ಒಳಮುಖವಾಗಿ ಹೊರಳಿದರೆ ಹೊರಗಿನ ಎಳೆಗಳ ಮೇಲೆ ಮೈಭಾರವೆಲ್ಲ ಬೀಳುತ್ತದೆ. ಅದರಲ್ಲೂ ಮುಂದಿನ ಎಳೆ ಮೊದಲು ಹರಿಯುತ್ತದೆ. ನಾವು 'ಬರೀ ಉಳುಕು' ಎನ್ನುವುದು ಈ ಹರಿತವನ್ನು.

ಈಗ 1891ಕ್ಕೆ ಹೋಗೋಣ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವೈ.ಎಂ.ಸಿ.ಎ.ಯ ತರಬೇತಿ ಶಾಲೆಯಿತ್ತು. ಚಳಿಗಾಲದಲ್ಲಿ ಹೊರಗೆ ಆಡಲಾಗದ ತರುಣರಿಗೆ ಒಳಾಂಗಣದಲ್ಲಿ ಆಡಲು ಹೊಸ ಆಟ ಬೇಕಿತ್ತು. ಅಲ್ಲಿನ ಶಿಕ್ಷಕ, ಕೆನಡಾ ದೇಶದ ಜೇಮ್ಸ್ ನೈಸ್ಮಿತ್, ಆ ಡಿಸೆಂಬರಿನಲ್ಲಿ ಎರಡು ಪೀಚ್ ಹಣ್ಣಿನ ಬುಟ್ಟಿಗಳನ್ನು ಎತ್ತರಕ್ಕೆ ಕಟ್ಟಿ ಬ್ಯಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದ. ಏಟು ಬೀಳದ ಆಟ ಬೇಕೆಂಬುದು ಅವನ ಆಸೆ. ಚೆಂಡು ಹಿಡಿದು ಓಡಬಾರದು, ತಳ್ಳಬಾರದು, ಕೆಡವಬಾರದು ಎಂದು ನಿಯಮ ಬರೆದ. ಗುರಿಯನ್ನು ತಲೆಯ ಮೇಲಿಟ್ಟರೆ ನೂಕಾಟ ಕಡಿಮೆಯಾಗುತ್ತದೆ ಎಂದು ಎಣಿಸಿದ. ನೂಕಾಟವೇನೋ ಕಡಿಮೆಯಾಯಿತು. ಆದರೆ ಗುರಿ ಮೇಲಿದ್ದ ಮೇಲೆ ಆಟಗಾರರು ಹಾರಲೇಬೇಕು, ಹಾರಿದವರು ಇಳಿಯಲೇಬೇಕು. ಅದೂ ಹತ್ತು ಜನರ ಪಾದಗಳ ನಡುವೆ. ಭುಜ, ಪಕ್ಕೆಲುಬುಗಳನ್ನು ಉಳಿಸಲು ಹುಟ್ಟಿದ ಆಟ ಪಾದದ ಕೀಲಿಗೆ ಕಂಟಕವಾಯಿತು. ನಾಲ್ಕು ವರ್ಷದ ಮೇಲೆ, 1895ರಲ್ಲಿ, ಅದೇ ರಾಜ್ಯದ ಹೋಲ್ಯೋಕ್ ಊರಿನಲ್ಲಿ ವಿಲಿಯಂ ಮಾರ್ಗನ್ ಎಂಬಾತ ವಾಲಿಬಾಲ್ ಆಟವನ್ನು ರೂಪಿಸಿದ. ಅದೂ ಹಾರಿ ಇಳಿಯುವ ಆಟವೇ ಆಗಿ ಬೆಳೆಯಿತು.

ಅದೇ 1895ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವರ್ಜಿಲ್ ಗಿಬ್ನಿ ಉಳುಕಿದ ಕಾಲಿಗೆ ಅಂಟುಪಟ್ಟಿ ಕಟ್ಟುವ ವಿಧಾನವೊಂದನ್ನು ಪ್ರಕಟಿಸಿದ. ಒಂದು ಪಟ್ಟಿ ಹಿಮ್ಮಡಿಯ ಕೆಳಗಿನಿಂದ ಮೇಲಕ್ಕೆ, ಇನ್ನೊಂದು ಹಿಮ್ಮಡಿಯ ಹಿಂದಿನಿಂದ ಪಾದದ ಮುಂದಕ್ಕೆ. ಹೀಗೆ ಒಂದರ ಮೇಲೊಂದು ಅಡ್ಡಡ್ಡ ಬರುವಂತೆ ಬುಟ್ಟಿ ಹೆಣೆದ ಹಾಗೆ ಹೆಣೆಯುವುದು. ತಿಂಗಳುಗಟ್ಟಲೆ ಕಾಲು ಕಟ್ಟಿ ಮಲಗಿಸುವ ಕಾಲದಲ್ಲಿ ಆತ, ಊರುಗೋಲು ಬೇಡ, ಕೆಲಸ ತಪ್ಪಿಸಬೇಕಿಲ್ಲ, ನಡೆಯಿರಿ ಎಂದ. ಚಿಕಿತ್ಸೆಗೆಂದು ಬಂದ ಈ ಹೆಣಿಗೆಯನ್ನು ಆಟದ ತರಬೇತುದಾರರು ಎತ್ತಿಕೊಂಡರು. ಉಳುಕಿದ ಮೇಲೆ ಕಟ್ಟುವುದನ್ನು ಉಳುಕುವ ಮೊದಲೇ ಕಟ್ಟಿದರೆ ಹೇಗೆ ಎಂದು ಅವರು ಯೋಚಿಸಿದರು. ಮುಂದಿನ ಅನೇಕ ದಶಕಗಳ ಕಾಲ ಅಮೆರಿಕದ ಆಟಗಾರರು ಪಂದ್ಯಕ್ಕೆ ಮುಂಚೆ ಸಾಲಾಗಿ ಕುಳಿತು ಕಾಲಿಗೆ ಪಟ್ಟಿ ಸುತ್ತಿಸಿಕೊಂಡರು.

ಇತ್ತ ಬೂಟಿನವರು ಸುಮ್ಮನಿರಲಿಲ್ಲ. ಮ್ಯಾಸಚೂಸೆಟ್ಸಿನ ಕನ್ವರ್ಸ್ ಕಂಪನಿ 1917ರಲ್ಲಿ ಗಿಣ್ಣು ಮುಚ್ಚುವಷ್ಟು ಎತ್ತರದ ಕ್ಯಾನ್ವಾಸ್ ಬೂಟು ತಂದಿತು. ಚಕ್ ಟೇಲರ್ ಎಂಬ ಆಟಗಾರ ಅದರ ಮಾರಾಟಗಾರನಾಗಿ ಊರೂರು ತಿರುಗಿ, ಮಕ್ಕಳಿಗೆ ಆಟ ಕಲಿಸುತ್ತಲೇ ಬೂಟನ್ನೂ ಪರಿಚಯಿಸಿದ. ಎತ್ತರದ ಬೂಟು ತೊಟ್ಟರೆ ಕಾಲು ಉಳುಕದು ಎಂಬ ನಂಬಿಕೆ ಬೇರೂರಿತು. ಗಿಣ್ಣು ಮುಚ್ಚಿದರೆ ಗಿಣ್ಣಿಗೆ ರಕ್ಷೆ ಎಂಬುದು ಎಷ್ಟು ಸಹಜವಾದ ತರ್ಕ! ಅದನ್ನು ಪರೀಕ್ಷಿಸಿ ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಈ ಆಟಗಳು ನಮ್ಮ ಕಡೆಗೆ ಬಂದದ್ದೂ ವೈ.ಎಂ.ಸಿ.ಎ. ದಾರಿಯಲ್ಲೇ. 1920ರಲ್ಲಿ ಹ್ಯಾರಿ ಬಕ್ ಎಂಬ ಅಮೆರಿಕನ್ನರು ಮದರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜು ತೆರೆದರು. ದಕ್ಷಿಣ ಭಾರತದ ಹಳೆಯ ತಲೆಮಾರಿನ ಡ್ರಿಲ್ ಮೇಷ್ಟ್ರುಗಳಲ್ಲಿ ಅನೇಕರು ಅಲ್ಲಿ ಪಳಗಿದವರು. ಆಟ ನಮ್ಮ ಹಳ್ಳಿಗಳನ್ನು ತಲುಪಿತು. ಪಟ್ಟಿ ತಲುಪಲಿಲ್ಲ, ಬೂಟೂ ತಲುಪಲಿಲ್ಲ. ನಮ್ಮ ಮಕ್ಕಳು ಬೆಣಚುಕಲ್ಲಿನ ನೆಲದ ಮೇಲೆ ಬರಿಗಾಲಿನಲ್ಲಿ ಹಾರಿದರು. ನಾವು ಏನನ್ನೋ ಕಳೆದುಕೊಂಡಿದ್ದೇವೆ, ಹಣವಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದೇ ಬಹಳ ಕಾಲ ನಾವೆಲ್ಲ ತಿಳಿದಿದ್ದೆವು.

ಆದರೆ 1962ರಲ್ಲಿ ಅಮೆರಿಕದ ಸಂಶೋಧಕ ರಾರಿಕ್ ಮತ್ತು ಅವರ ಸಂಗಡಿಗರು ಪಟ್ಟಿ ಕಟ್ಟಿದ ಕಾಲುಗಳನ್ನು ಅಳತೆಗೆ ಒಳಪಡಿಸಿದರು. ಹತ್ತು ನಿಮಿಷ ಜೋರಾಗಿ ವ್ಯಾಯಾಮ ಮಾಡಿದ ಮೇಲೆ ಪಟ್ಟಿಯ ಬಿಗಿ ಶೇಕಡಾ 40ರಷ್ಟು ಸಡಿಲವಾಗಿತ್ತು. ಬೆವರು, ಚರ್ಮದ ಜಾರಾಟ, ಎಳೆತ ಎಲ್ಲ ಸೇರಿ ಪಂದ್ಯದ ಮೊದಲ ಭಾಗ ಮುಗಿಯುವಷ್ಟರಲ್ಲಿ ಬುಟ್ಟಿಯ ಹೆಣಿಗೆ ಜೋಲುತ್ತಿತ್ತು. ವಿಚಿತ್ರವೆಂದರೆ, ಪಟ್ಟಿ ಸಡಿಲವಾದರೂ ಪಟ್ಟಿ ಕಟ್ಟಿದವರಿಗೆ ಉಳುಕು ಕಡಿಮೆ! 1973ರಲ್ಲಿ ಗ್ಯಾರಿಕ್ ಮತ್ತು ರೆಕ್ವಾ ಎಂಬ ಇಬ್ಬರು ವಿದ್ಯಾರ್ಥಿಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಗಳನ್ನು ಗಮನಿಸಿ, ಪಟ್ಟಿ ಮತ್ತು ಎತ್ತರದ ಬೂಟು ಎರಡೂ ಇದ್ದವರಲ್ಲಿ ಉಳುಕು ಅತಿ ಕಡಿಮೆ ಎಂದು ತೋರಿಸಿದರು. ಬಿಗಿ ಉಳಿಯದ ಪಟ್ಟಿ ಕಾಲನ್ನು ಹೇಗೆ ಕಾಯುತ್ತದೆ? ಬಹುಶಃ ಅದು ಚರ್ಮವನ್ನು ಎಳೆದು ಹಿಡಿದು, "ಇಲ್ಲೊಂದು ಪಾದವಿದೆ, ಎಚ್ಚರ" ಎಂದು ಮೆದುಳಿಗೆ ನೆನಪಿಸುತ್ತಿತ್ತು.

ಈ ಎಚ್ಚರದ ವಿಷಯವನ್ನು ಮೊದಲು ಸ್ಪಷ್ಟವಾಗಿ ಹೇಳಿದವರು ಲಂಡನ್ನಿನ ಮೈಕೇಲ್ ಫ್ರೀಮನ್. ಮುಂದೆ ಕೃತಕ ಮೊಣಕಾಲಿನ ಜೋಡಣೆಯಲ್ಲಿ ಹೆಸರು ಮಾಡಿದ ಈ ಶಸ್ತ್ರವೈದ್ಯರು 1965ರಲ್ಲಿ ತಮ್ಮ ಜೊತೆಗಾರರೊಡನೆ ಉಳುಕಿನ ಮೇಲೆ ಲೇಖನಗಳನ್ನು ಪ್ರಕಟಿಸಿದರು. ಉಳುಕು ವಾಸಿಯಾದ ಅನೇಕರು, "ಕಾಲು ಕೈಕೊಡುತ್ತದೆ, ನಡೆಯುತ್ತಿದ್ದಂತೆಯೇ ಹೊರಳುತ್ತದೆ" ಎಂದು ದೂರುತ್ತಿದ್ದರು. ಪರೀಕ್ಷಿಸಿದರೆ ಎಷ್ಟೋ ಜನರಲ್ಲಿ ಕೀಲು ಗಟ್ಟಿಯಾಗಿಯೇ ಇರುತ್ತಿತ್ತು. ಹಾಗಾದರೆ ಕೆಟ್ಟದ್ದು ಏನು? ಫ್ರೀಮನ್ ಕೊಟ್ಟ ಉತ್ತರ ಇದು: ಲಿಗಮೆಂಟ್ ಬರೀ ಹಗ್ಗವಲ್ಲ. ಅದರೊಳಗೆ ನರಗಳ ಸೂಕ್ಷ್ಮ ತುದಿಗಳಿವೆ. ಪಾದ ಎತ್ತ ವಾಲಿದೆ, ಎಷ್ಟು ವಾಲಿದೆ ಎಂಬ ಸುದ್ದಿಯನ್ನು ಅವು ಕ್ಷಣಕ್ಷಣವೂ ಮೇಲಕ್ಕೆ ಕಳುಹಿಸುತ್ತಿರುತ್ತವೆ. ಕಣ್ಣು ಮುಚ್ಚಿದರೂ ನಮ್ಮ ಪಾದ ಎಲ್ಲಿದೆಯೆಂದು ನಮಗೆ ತಿಳಿಯುವುದು ಇಂಥ ಸುದ್ದಿಯಿಂದ. ಹಗ್ಗ ಹರಿದಾಗ ಈ ತಂತಿಗಳೂ ಹರಿಯುತ್ತವೆ. ಹಗ್ಗ ಬೆಸೆದುಕೊಂಡರೂ ಸುದ್ದಿ ಸರಿಯಾಗಿ ಹೋಗುವುದಿಲ್ಲ. ಕಾಲಿನ ಸ್ನಾಯುಗಳು ತಡವಾಗಿ ಎಚ್ಚರಗೊಳ್ಳುತ್ತವೆ. ಉಳುಕಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಿಲ್ಲವಲ್ಲ!

ನನ್ನ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿತ್ತು. ನೆಲ ಸರಿಯಾಗಿತ್ತು, ಯಾರೂ ಮುಟ್ಟಿರಲಿಲ್ಲ, ನೋವೂ ಇರಲಿಲ್ಲ. ಪಾದಕ್ಕೆ ಮಾತ್ರ ನೆಲದ ಸುದ್ದಿ ಸರಿಯಾಗಿ ತಿಳಿಯುತ್ತಿರಲಿಲ್ಲ. ಊತ ಇಳಿದದ್ದನ್ನೇ ವಾಸಿಯಾದದ್ದು ಎಂದು ಎಲ್ಲರೂ ಎಣಿಸಿದ್ದರು.

ಫ್ರೀಮನ್ ಸೂಚಿಸಿದ ಚಿಕಿತ್ಸೆ ಬಡವರಿಗೂ ದಕ್ಕುವಂಥದು. ಒಂದು ಹಲಗೆ, ಅದರ ಅಡಿಯಲ್ಲಿ ಉರುಟಾದ ಒಂದು ಮರದ ತುಂಡು. ತೂಗಾಡುವ ಆ ಹಲಗೆಯ ಮೇಲೆ ನಿಂತು ಸಮತೋಲ ಕಾಯ್ದುಕೊಳ್ಳುವುದು. ಬೀಳದಂತೆ ನಿಲ್ಲಲು ಪಾದ ಪಡುವ ಪಾಡಿನಲ್ಲೇ ಅದರ ಪಾಠವೂ ಇದೆ. ಹಾಗೆ ಅಭ್ಯಾಸ ಮಾಡಿಸಿದವರಲ್ಲಿ ಕಾಲು ಕೈಕೊಡುವುದು ಬಹಳ ಕಡಿಮೆಯಾಯಿತು. ಕಾಲು ಉಳುಕಿದವರಿಗೆ ಹೇಳಿದ ಈ ಚಿಕಿತ್ಸೆಯನ್ನು ಸ್ವೀಡನ್ನಿನವರು ಫುಟ್‌ಬಾಲ್ ತಂಡಗಳಿಗೆ ತಂದರು. 1985ರಲ್ಲಿ ಟ್ರಾಪ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದೆ ಉಳುಕಿದ್ದ ಆಟಗಾರರಿಗೆ ಗಿಣ್ಣಿನ ಆಸರೆಪಟ್ಟಿ ಎಷ್ಟು ನೆರವಾಯಿತೋ ಹೆಚ್ಚುಕಡಿಮೆ ಅಷ್ಟೇ ನೆರವು ಹಲಗೆಯ ಅಭ್ಯಾಸದಿಂದಲೂ ಸಿಕ್ಕಿತು.

ಎತ್ತರದ ಬೂಟಿನ ಸರದಿ ಬಂದದ್ದು 1993ರಲ್ಲಿ, ಅಂದರೆ ಅದು ಮಾರುಕಟ್ಟೆಗೆ ಬಂದು ಮುಕ್ಕಾಲು ಶತಮಾನವಾದ ಮೇಲೆ. ಬ್ಯಾರೆಟ್ ಮತ್ತು ಅವರ ಜೊತೆಯವರು 622 ಕಾಲೇಜು ಆಟಗಾರರಿಗೆ ಚೀಟಿ ಎತ್ತಿದ ಹಾಗೆ ಮೂರು ಬಗೆಯ ಬೂಟು ಹಂಚಿದರು: ಎತ್ತರದ್ದು, ಗಿಡ್ಡನೆಯದು, ಗಾಳಿ ತುಂಬುವ ಎತ್ತರದ್ದು. ಋತು ಮುಗಿದಾಗ ಒಟ್ಟು 15 ಉಳುಕು. ಎತ್ತರದ ಬೂಟಿನವರಲ್ಲಿ 7, ಗಿಡ್ಡನೆಯ ಬೂಟಿನವರಲ್ಲಿ 4, ಗಾಳಿಬೂಟಿನವರಲ್ಲಿ 4. ಬೂಟಿನ ಎತ್ತರಕ್ಕೂ ಉಳುಕಿಗೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಒಂದು ಅಧ್ಯಯನದಿಂದ ಎಲ್ಲ ತೀರ್ಮಾನವಾಗುವುದಿಲ್ಲ, ನಿಜ. ಆದರೆ ಗಿಣ್ಣು ಮುಚ್ಚುವ ಬೂಟು ಕೊಳ್ಳಲಾಗದ ತಂದೆತಾಯಿಗಳು ಕೊರಗಬೇಕಾದ ಕಾರಣವಿಲ್ಲ ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು. ಗಟ್ಟಿ ಅಂಚಿನ ಬ್ರೇಸ್ ಎಂಬ ಆಸರೆಯ ಕತೆ ಬೇರೆ. 1994ರಲ್ಲಿ ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ 1,601 ಕೆಡೆಟ್‌ಗಳ ಮೇಲೆ ನಡೆಸಿದ ಪರೀಕ್ಷೆಯ ವರದಿ ಬಂತು. ಬ್ರೇಸ್ ತೊಟ್ಟು ಬ್ಯಾಸ್ಕೆಟ್‌ಬಾಲ್ ಆಡಿದವರಲ್ಲಿ ಪಾದದ ಗಾಯಗಳು ತೊಡದವರಿಗಿಂತ ಸುಮಾರು ಮೂರು ಪಟ್ಟು ಕಡಿಮೆ. ಕೊಳ್ಳಬಲ್ಲವರಿಗೆ, ಅದರಲ್ಲೂ ಒಮ್ಮೆ ಉಳುಕಿದವರಿಗೆ ಅದು ಸಾರ್ಥಕವಾದ ಖರ್ಚು.

ನಮ್ಮ ಹಳ್ಳಿಯ ವಾಲಿಬಾಲ್ ಅಂಕಣಕ್ಕೆ ನೇರವಾಗಿ ಹೊಂದುವುದು ನಾರ್ವೆಯವರ ಕೆಲಸ. ರೋಲ್ಡ್ ಬಾರ್ ಮತ್ತು ಸಂಗಡಿಗರು ಮೊದಲು ಉಳುಕು ಎಲ್ಲಿ ಆಗುತ್ತದೆಂದು ನೋಡಿದರು. ಬಹುಪಾಲು ಬಲೆಯ ಬಳಿ. ಸ್ಮ್ಯಾಶ್ ಹೊಡೆದೋ ಬ್ಲಾಕ್ ಮಾಡಿಯೋ ಇಳಿಯುವಾಗ, ಎದುರಾಳಿಯ ಅಥವಾ ತನ್ನದೇ ತಂಡದವರ ಪಾದದ ಮೇಲೆ ಇಳಿದು. ಹಾಗಾದರೆ ಬೂಟಿನ ಮಾತೇಕೆ? ಮುಂದಕ್ಕೆ ಹಾರಬೇಡಿ, ನೇರ ಮೇಲಕ್ಕೆ ಹಾರಿ. ಕೊನೆಯ ಹೆಜ್ಜೆ ಉದ್ದವಿರಲಿ. ಇಬ್ಬರು ಜೊತೆಯಾಗಿ ಬ್ಲಾಕ್ ಮಾಡುವಾಗ ಪರಸ್ಪರ ಜಾಗ ಬಿಟ್ಟುಕೊಳ್ಳಿ ಎಂದು ಕಲಿಸಿದರು. ಜೊತೆಗೆ ಸಮತೋಲ ಹಲಗೆಯ ಅಭ್ಯಾಸ. 1997ರಲ್ಲಿ ಬಂದ ಅವರ ವರದಿಯ ಪ್ರಕಾರ ಉಳುಕು ಅರ್ಧದಷ್ಟಕ್ಕೆ ಇಳಿಯಿತು.

2001ರಲ್ಲಿ ಆಸ್ಟ್ರೇಲಿಯದ ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲೆ ನಡೆದ ದೊಡ್ಡ ಸಮೀಕ್ಷೆ ಇನ್ನೊಂದು ಮುಖ್ಯ ಸಂಗತಿ ಹೇಳಿತು. ಹಿಂದೊಮ್ಮೆ ಕಾಲು ಉಳುಕಿದವರಿಗೆ ಮತ್ತೆ ಪೆಟ್ಟಾಗುವ ಸಂಭವ ಸುಮಾರು ಐದು ಪಟ್ಟು ಹೆಚ್ಚು. ಎರಡನೆಯ ಉಳುಕಿಗೆ ದೊಡ್ಡ ಕಾರಣ ಮೊದಲನೆಯದೇ ಎಂದಾಯಿತು. ಹಾಗಾಗಿ ಮೊದಲನೆಯದನ್ನು ತಡೆದರೆ ಒಂದನ್ನಲ್ಲ, ಹಿಂದೆ ಸರದಿಯಲ್ಲಿ ನಿಂತ ಹಲವನ್ನು ತಡೆದಂತೆ.

ಶಾಲೆಯವಳಾದ ನನಗೆ ಹೆಚ್ಚು ಹತ್ತಿರವೆನಿಸಿದ್ದು 2006ರಲ್ಲಿ ಪ್ರಕಟವಾದ ವಿಸ್ಕಾನ್ಸಿನ್ ರಾಜ್ಯದ ಹೈಸ್ಕೂಲುಗಳ ಪ್ರಯೋಗ. ಮೆಗ್ವೈನ್ ಮತ್ತು ಕೀನ್ ಎಂಬುವರು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಡುವ 765 ಹುಡುಗ ಹುಡುಗಿಯರನ್ನು ಎರಡು ಪಾಲು ಮಾಡಿದರು. ಒಂದು ಪಾಲಿನವರು ಎಂದಿನಂತೆ ಆಡಿದರು. ಇನ್ನೊಂದು ಪಾಲಿನವರು ಋತುವಿಗೆ ಮುಂಚೆ ನಾಲ್ಕು ವಾರ, ವಾರಕ್ಕೆ ಐದು ದಿನ ಸಮತೋಲದ ಅಭ್ಯಾಸ ಮಾಡಿದರು. ಋತುವಿನಲ್ಲಿ ವಾರಕ್ಕೆ ಮೂರು ದಿನ, ದಿನಕ್ಕೆ ಹತ್ತು ನಿಮಿಷ. ಅಭ್ಯಾಸ ಮಾಡದವರಲ್ಲಿ ಶೇಕಡಾ 9.9 ಮಂದಿಗೆ ಉಳುಕಾದರೆ, ಮಾಡಿದವರಲ್ಲಿ ಶೇಕಡಾ 6.1 ಮಂದಿಗೆ. ಉಳುಕು ಪೂರಾ ನಿಲ್ಲಲಿಲ್ಲ. ಆದರೆ ನೂರು ಮಕ್ಕಳಲ್ಲಿ ನಾಲ್ಕು ಮಕ್ಕಳ ಕಾಲು ಉಳಿಯುವುದೆಂದರೆ ಒಂದು ಖೋಖೋ ತಂಡದ ಪಾಲಿಗೆ ಸಣ್ಣ ಮಾತಲ್ಲ.

ಈ ಅಭ್ಯಾಸದಲ್ಲಿ ನಮ್ಮ ಶಾಲೆಗೆ ನಿಲುಕದ್ದು ಯಾವುದೂ ಇಲ್ಲ. ಬರಿಗಾಲಿನಲ್ಲಿ ಒಂಟಿಕಾಲ ಮೇಲೆ ನಿಲ್ಲುವುದು, ಮೊಣಕಾಲು ಕೊಂಚ ಬಗ್ಗಿಸಿ. ಅದು ಸಲೀಸಾದ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು. ಆಮೇಲೆ ಒಂಟಿಕಾಲಿನಲ್ಲೇ ಚೆಂಡು ಎಸೆದು ಹಿಡಿಯುವುದು. ಕೊನೆಗೆ ಹಲಗೆಯ ಮೇಲೆ. ನಮ್ಮೂರಿನ ಬಡಗಿಯೊಬ್ಬರು ಹಳೆಯ ಬೆಂಚಿನ ಹಲಗೆಗೆ ಅರೆ ಉರುಟಿನ ತುಂಡು ಜೋಡಿಸಿ ನಾಲ್ಕು ಹಲಗೆ ಮಾಡಿಕೊಟ್ಟರು. ಹೆಣ್ಣುಮಕ್ಕಳಿಗೆ ಇದು ಹೊಸದೇನೂ ಅಲ್ಲ. ಕುಂಟೆಬಿಲ್ಲೆಯಲ್ಲಿ ಒಂಟಿಕಾಲಿನಲ್ಲಿ ಕುಪ್ಪಳಿಸಿ, ಗೆರೆ ತುಳಿಯದೆ, ಬಗ್ಗಿ ಬಿಲ್ಲೆ ಎತ್ತಿಕೊಳ್ಳುವಾಗ ಅವರು ಮಾಡುತ್ತಿದ್ದುದೂ ಸುಮಾರಾಗಿ ಇದನ್ನೇ.

ಈಗ ನಮ್ಮಲ್ಲಿ ಜೂನ್ ತಿಂಗಳಿನಿಂದಲೇ ಇದು ನಡೆಯುತ್ತದೆ. ಪ್ರಾರ್ಥನೆಗೆ ಮುಂಚೆ ಹತ್ತು ನಿಮಿಷ ಕೊಕ್ಕರೆಗಳ ಹಿಂಡಿನಂತೆ ಹುಡುಗಿಯರು ಒಂಟಿಕಾಲಿನಲ್ಲಿ ನಿಂತಿರುತ್ತಾರೆ. ಮೈದಾನದ ಗುಂಡಿಗಳಿಗೆ ಮಣ್ಣು ತುಂಬುವುದು, ಕಲ್ಲು ಆಯುವುದು ಮಕ್ಕಳೆಲ್ಲರ ಕೆಲಸ. ಕಾಲು ಉಳುಕಿದವರ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ನಾಲ್ಕು ಹೆಜ್ಜೆ ಇಡಲಾಗದವರನ್ನೂ ಗಿಣ್ಣಿನ ಎಲುಬನ್ನೇ ಒತ್ತಿದಾಗ ನೋಯುವವರನ್ನೂ ಎಕ್ಸ್‌ರೇಗೆ ಕಳಿಸುತ್ತೇವೆ. ಉಳಿದವರು ಊತ ಇಳಿದೊಡನೆ ಅಂಕಣಕ್ಕಿಳಿಯುವಂತಿಲ್ಲ. ಉಳುಕಿದ ಕಾಲಿನ ಮೇಲೆ ಕಣ್ಣು ಮುಚ್ಚಿ, ಇನ್ನೊಂದು ಕಾಲಿನಷ್ಟೇ ಹೊತ್ತು ಅಲುಗದೆ ನಿಂತು ತೋರಿಸಬೇಕು. ಹಾರಿ ಇಳಿದು ತೋರಿಸಬೇಕು. ಅಲ್ಲಿಯವರೆಗೆ ಅವರು ಸ್ಕೋರ್ ಬರೆಯುತ್ತಾರೆ, ಆಟ ಬಿಡುವುದಿಲ್ಲ. ತಂದೆತಾಯಿಗಳು ಬಂದು ಕೇಳಿದರೆ ನೋಟ್‌ಬುಕ್ ತೆರೆದು ಏನಾಗಿದೆ, ಎಷ್ಟು ವಾರ ಬೇಕು, ಅಷ್ಟರಲ್ಲಿ ಮನೆಯಲ್ಲಿ ಏನು ಮಾಡಿಸಬೇಕು ಎಂದು ಹೇಳುತ್ತೇನೆ. ಹೆದರಿದವರಿಗೆ ಧೈರ್ಯ ಹೇಳಿದರೆ ಸಾಲದು, ಲೆಕ್ಕವನ್ನೂ ತೋರಿಸಬೇಕು. ಹಾಗೆ ತೋರಿಸಿದ ಮೇಲೆ ಮಗಳನ್ನು ಮತ್ತೆ ಮೈದಾನಕ್ಕೆ ಕಳಿಸಿದ ಮನೆಗಳ ಹೆಸರೂ ಅದೇ ನೋಟ್‌ಬುಕ್ಕಿನಲ್ಲಿ ಇವೆ.